ಕಿರಣ ಚಿಕಿತ್ಸೆಯಲ್ಲಿ ಅಳತೆಯ ಮಹತ್ವ

ಕೆಲವು ತಿಂಗಳ ಹಿಂದೆ ಗಂಟಲಿನ ಕ್ಯಾನ್ಸರಿನಿಂದ ಬಳಲುತ್ತಿದ್ದ ರೈತರೊಬ್ಬರ ಮಗ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ದೊಡ್ಡ ಆಸ್ಪತ್ರೆಯಲ್ಲಿ ತಂದೆಗೆ ಸ್ಕ್ಯಾನ್ ಮಾಡಿ, ಮುಖದ ಅಚ್ಚು ತೆಗೆದು, ಕಿರಣ ಚಿಕಿತ್ಸೆಗೆ ಒಂದು ವಾರ ಬಿಟ್ಟು ಬರಲು ತಿಳಿಸಿದ್ದರು. “ರೋಗ ಬೆಳೆಯುತ್ತಿರುವಾಗ ಈ ವಿಳಂಬವೇಕೆ? ನೀವೇ ಕಷಾಯ ಕೊಟ್ಟುಬಿಡಿ” ಎಂದು ಅವರು ಬೇಡಿಕೊಂಡರು. ಆ ಒಂದು ವಾರದಲ್ಲಿ ನಡೆಯುವುದೇನು ಎಂಬುದನ್ನು ಅವರಿಗೆ ವಿವರಿಸಿದೆ. ಅದನ್ನು ಓದುಗರೆಲ್ಲರೂ ಅರಿತಿರುವುದು ಒಳಿತು.

ಆಯುರ್ವೇದದಲ್ಲಿ ‘ಮಾತ್ರೆ’ ಎಂದರೆ ಗುಳಿಗೆಯಲ್ಲ, ಅಳತೆ. ಶುದ್ಧಿಗೊಳಿಸಿದ ವತ್ಸನಾಭಿ ಅಳತೆಯಲ್ಲಿದ್ದರೆ ಔಷಧ, ಅಳತೆ ಮೀರಿದರೆ ವಿಷ. ಕಿರಣವೂ ಹಾಗೆಯೇ. ಅದರ ಏಕಮಾನಕ್ಕೆ ‘ಗ್ರೇ’ ಎಂದು ಹೆಸರು. ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಏಳು ವಾರಗಳಲ್ಲಿ ಒಟ್ಟು 70 ಗ್ರೇ ಕೊಡುತ್ತಾರೆ. ಪ್ರಮಾಣ ಕಡಿಮೆಯಾದರೆ ಗೆಡ್ಡೆ ಉಳಿಯುತ್ತದೆ. ಹೆಚ್ಚಾದರೆ ಪಕ್ಕದ ಲಾಲಾಗ್ರಂಥಿ, ಬೆನ್ನುಹುರಿಗಳಿಗೆ ಹಾನಿಯಾಗುತ್ತದೆ. ಆದ್ದರಿಂದ ಈ ಪ್ರಮಾಣದಲ್ಲಿ ಶೇ. 5ಕ್ಕಿಂತ ಹೆಚ್ಚಿನ ವ್ಯತ್ಯಾಸ ಸಲ್ಲದೆಂದು ವಿಕಿರಣ ಏಕಮಾನಗಳ ಅಂತರರಾಷ್ಟ್ರೀಯ ಆಯೋಗವು 1976ರಲ್ಲಿಯೇ ಸೂಚಿಸಿತ್ತು.

ಇಂದಿನ ಯಂತ್ರಗಳಲ್ಲಿ ಕಿರಣದ ಆಕಾರವನ್ನು ಟಂಗ್‌ಸ್ಟನ್ ಲೋಹದ ಪಟ್ಟಿಗಳು ರೂಪಿಸುತ್ತವೆ. ಅನೇಕ ಯಂತ್ರಗಳಲ್ಲಿ ಇಂತಹ 120 ಪಟ್ಟಿಗಳಿದ್ದು, ಗಣಕಯಂತ್ರದ ಆದೇಶದಂತೆ ಒಂದೊಂದೂ ಪ್ರತ್ಯೇಕವಾಗಿ ಚಲಿಸುತ್ತದೆ. ಬೆನ್ನುಹುರಿಯನ್ನು ತಪ್ಪಿಸಿ, ಗೆಡ್ಡೆಯ ಅಂಕುಡೊಂಕನ್ನು ಅನುಸರಿಸಿ ಕಿರಣವನ್ನು ಬಾಗಿಸಬೇಕಾದರೆ ಪಟ್ಟಿಗಳ ನಡುವಿನ ಕಿಂಡಿ ಕಿರಿದಾಗಬೇಕು, ಮತ್ತೆ ಮತ್ತೆ ಬದಲಾಗಬೇಕು. ಹೀಗೆ ಯೋಜನೆ ಜಟಿಲವಾಗುತ್ತದೆ. ಜಟಿಲವಾದಷ್ಟೂ ತಪ್ಪಿಗೆ ಆಸ್ಪದ ಹೆಚ್ಚು. ಚಲಿಸುವ ಕಿಂಡಿ 5 ಸೆಂಟಿಮೀಟರ್ ಅಗಲವಿದ್ದಾಗ ಅದು 1 ಮಿಲಿಮೀಟರ್ ಹೆಚ್ಚಾದರೆ ಪ್ರಮಾಣದಲ್ಲಿ ಸುಮಾರು ಶೇ. 2ರಷ್ಟು ವ್ಯತ್ಯಾಸ, ಕಿಂಡಿ 1 ಸೆಂಟಿಮೀಟರ್ ಮಾತ್ರ ಇದ್ದರೆ ಅದೇ 1 ಮಿಲಿಮೀಟರಿನಿಂದ ಸುಮಾರು ಶೇ. 10ರಷ್ಟು ವ್ಯತ್ಯಾಸ.

ಈ ಜಟಿಲತೆಯನ್ನೂ ಅಳೆಯಬಹುದು. 2010ರಲ್ಲಿ ಕೆನಡಾದ ಸಂಶೋಧಕರು ಕಿಂಡಿಗಳ ಆಕಾರ ಮತ್ತು ವಿಸ್ತಾರವನ್ನು ಆಧರಿಸಿ 0ಯಿಂದ 1ರವರೆಗಿನ ಅಂಕವೊಂದನ್ನು ರೂಪಿಸಿದರು. ಅಂಕ 1 ಇದ್ದರೆ ಸರಳ. ಸೊನ್ನೆಗೆ ಸಮೀಪಿಸಿದಷ್ಟೂ ಜಟಿಲ. ಆದರೆ ಅಂಕವು ಎಚ್ಚರಿಕೆ ನೀಡಬಲ್ಲದೇ ಹೊರತು ಭರವಸೆ ನೀಡಲಾರದು. ಆದ್ದರಿಂದ ಯೋಜನೆಯನ್ನು ಮೊದಲು ಯಂತ್ರದಲ್ಲಿಯೇ ನಡೆಸಿ ನೋಡಬೇಕು. ಹಾಸಿಗೆಯ ಮೇಲೆ ರೋಗಿಯ ಬದಲು ಅಳತೆಯ ಉಪಕರಣವನ್ನಿರಿಸಿ ಕಿರಣ ಹಾಯಿಸುತ್ತಾರೆ. ಲೆಕ್ಕದಲ್ಲಿದ್ದ ಪ್ರಮಾಣವನ್ನೂ ಅಳತೆಯಲ್ಲಿ ಕಂಡ ಪ್ರಮಾಣವನ್ನೂ ಬಿಂದುಬಿಂದುವಾಗಿ ಹೋಲಿಸುತ್ತಾರೆ. 1998ರಲ್ಲಿ ಡೇನಿಯಲ್ ಲೋ ಮತ್ತು ಸಂಗಡಿಗರು ರೂಪಿಸಿದ ‘ಗಾಮಾ ಸೂಚ್ಯಂಕ’ ಇದಕ್ಕೆ ಆಧಾರ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘದ 2018ರ ಮಾರ್ಗಸೂಚಿಯ ಪ್ರಕಾರ, ಪ್ರಮಾಣದಲ್ಲಿ ಶೇ. 3 ಮತ್ತು ದೂರದಲ್ಲಿ 2 ಮಿಲಿಮೀಟರ್ ಮಿತಿಯೊಳಗೆ ಕನಿಷ್ಠ ಶೇ. 95ರಷ್ಟು ಬಿಂದುಗಳು ಹೊಂದಬೇಕು.

ಈ ಪರೀಕ್ಷೆಯನ್ನು ಮೊದಲೇ ಮಾಡದಿದ್ದರೆ ಏನಾಗಬಹುದು? 2005ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ನಾಲಿಗೆಯ ಕ್ಯಾನ್ಸರಿನ ರೋಗಿಯೊಬ್ಬರ ಯೋಜನೆಯನ್ನು ಬದಲಿಸುವಾಗ ಗಣಕಯಂತ್ರ ಕೈಕೊಟ್ಟಿತು. ಪಟ್ಟಿಗಳಿಗೆ ನೀಡಬೇಕಾದ ಆದೇಶ ಉಳಿಯಲೇ ಇಲ್ಲ. ಮೂರು ದಿನ ಕಿಂಡಿ ಪೂರ್ತಿ ತೆರೆದೇ ಇದ್ದು, ಪ್ರತಿ ಬಾರಿಯೂ ಸುಮಾರು 13 ಗ್ರೇ ಕಿರಣ ಹಾಯಿತು. ಪರೀಕ್ಷೆ ನಡೆದದ್ದು ಮೂರನೆಯ ಚಿಕಿತ್ಸೆಯ ನಂತರ. ಆ ರೋಗಿ 2007ರಲ್ಲಿ ತೀರಿಕೊಂಡರು.

ಆದ್ದರಿಂದ ಯೋಜನೆ ಮತ್ತು ಪರೀಕ್ಷೆಗೆ ಹಿಡಿಯುವ ದಿನಗಳನ್ನು ವಿಳಂಬವೆಂದು ಭಾವಿಸಬೇಡಿ. “ನಮ್ಮ ಯೋಜನೆಯನ್ನು ಯಂತ್ರದಲ್ಲಿ ಪರೀಕ್ಷಿಸಿದ್ದೀರಾ?” ಎಂದು ವಿನಯದಿಂದ ಕೇಳಿರಿ, ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡುವುದಿಲ್ಲ. ದಿನ ತಪ್ಪಿಸಬೇಡಿ. ತೂಕ ಇಳಿದು ಮುಖದ ಅಚ್ಚು ಸಡಿಲವಾದರೆ ಕೂಡಲೇ ತಿಳಿಸಿರಿ, ಏಕೆಂದರೆ ಮೈ ಬದಲಾದರೆ ಅಳತೆಯೂ ಬದಲಾಗುತ್ತದೆ. ಕಿರಣ ತಾಗುವ ಚರ್ಮಕ್ಕೆ ಎಣ್ಣೆಯಾಗಲಿ ಲೇಪವಾಗಲಿ, ಹೊಟ್ಟೆಗೆ ಕಷಾಯವಾಗಲಿ, ಆ ವೈದ್ಯರ ಒಪ್ಪಿಗೆಯಿಲ್ಲದೆ ಬೇಡ. ಆಯುರ್ವೇದ ವೈದ್ಯನಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ.

ಆ ಯುವಕನಿಗೆ ನಾನು ಕಷಾಯ ಕೊಡಲಿಲ್ಲ. ತಂದೆಯನ್ನು ನಿಗದಿಯಾದ ದಿನವೇ ಕರೆದೊಯ್ಯುವಂತೆ ಹೇಳಿ ಕಳುಹಿಸಿದೆ. ಅವರು ಕರೆದೊಯ್ದರು.