ಹುಂಜ ಹಾರಿ ಬಂದರೆ ಓಡಬೇಡಿ!

ಪುತ್ತೂರು, ಬೆಳ್ತಂಗಡಿ ಕಡೆಯ ಬಸ್ಸು ಹತ್ತಿ ಕಿವಿ ತೆರೆದು ಕೂತರೆ ಸಾಕು, ಅಡಿಕೆ ಧಾರಣೆಯ ಮಾತು ಮುಗಿದ ಮೇಲೆ ಯಾರಾದರೊಬ್ಬರು ಕೋಳಿಯ ವಿಷಯ ಎತ್ತಿಯೇ ಎತ್ತುತ್ತಾರೆ. "ನಮ್ಮ ಹುಂಜ ನಿನ್ನೆ ಗ್ಯಾಸಿನವನ ಕಾಲಿಗೆ ಹಾರಿತು ಮಾರಾಯ್ರೆ. ಅವ ಸಿಲಿಂಡರು ಗೇಟಿನ ಹತ್ತಿರವೇ ಇಟ್ಟು ಓಡಿದ!" ಕೇಳಿದವರಿಗೆ ನಗು. ಆದರೆ ಅಂಗಳದಲ್ಲಿ ಮೂರು ವರ್ಷದ ಮಗು ಆಡುವ ಮನೆಯವರಿಗೆ ಇದು ನಗುವ ಮಾತಲ್ಲ. ಹುಂಜ ಹಾರುವ ಎತ್ತರಕ್ಕೇ ಮಗುವಿನ ಕಣ್ಣು ಇರುತ್ತದೆ.

ವಯಸ್ಸಾದವರೂ ಜಾಗ್ರತೆ ಮಾಡಬೇಕು. ಆಸ್ಟ್ರೇಲಿಯಾದಲ್ಲಿ ಮೊಟ್ಟೆ ಹೆಕ್ಕಲು ಹೋದ 76 ವರ್ಷದ ಮಹಿಳೆಯೊಬ್ಬರ ಕಾಲಿಗೆ ಹುಂಜ ಕುಕ್ಕಿತು. ಕೊಕ್ಕು ಬಿದ್ದದ್ದು ಉಬ್ಬಿದ ರಕ್ತನಾಳದ ಮೇಲೆ. ರಕ್ತಸ್ರಾವದಿಂದ ಅವರು ತೀರಿಯೇ ಹೋದರು. 2019ರಲ್ಲಿ ಅಲ್ಲಿನ ವೈದ್ಯರು ಇದನ್ನು ವರದಿ ಮಾಡಿದ್ದಾರೆ. ಇಂಥದ್ದು ತೀರಾ ಅಪರೂಪ, ನಿಜ. ಆದರೂ ಕಾಲಿನ ನರ ಉಬ್ಬಿದ ಅಜ್ಜಿಯನ್ನು ಕೋಳಿಗೂಡಿಗೆ ಕಳಿಸುವ ಮೊದಲು ಒಮ್ಮೆ ಯೋಚಿಸಿ.

ಹಾಗಾದರೆ ಈ ಹುಂಜಕ್ಕೆ ಹುಚ್ಚೇ? ಖಂಡಿತ ಅಲ್ಲ. ಅದು ತನ್ನ ಉದ್ಯೋಗ ಮಾಡುತ್ತಿದೆ, ಅಷ್ಟೆ. ನಿನ್ನೆಯವರೆಗೆ ಅಂಗೈಯಿಂದ ಅಕ್ಕಿ ತಿನ್ನುತ್ತಿದ್ದ ಮರಿ ನಾಲ್ಕೈದು ತಿಂಗಳಾಗುತ್ತಲೇ ಪ್ರಾಯಕ್ಕೆ ಬರುತ್ತದೆ. ಮೈಯಲ್ಲಿ ಗಂಡು ಹಾರ್ಮೋನು ಏರುತ್ತದೆ, ಕೂಗು ಗಟ್ಟಿಯಾಗುತ್ತದೆ. ಅಂದಿನಿಂದ ಹೇಂಟೆಗಳೆಲ್ಲ ಅದರ ಸಂಸಾರ, ಅಂಗಳವೆಲ್ಲ ಅದರ ಜಾಗೀರು. ಕೋಳಿಗಳಲ್ಲಿ ಯಾರು ಯಾರಿಗೆ ಕುಕ್ಕಬಹುದು ಎಂಬುದಕ್ಕೆ ಒಂದು ಪಟ್ಟಿಯೇ ಉಂಟು. 1920ರ ದಶಕದ ಆರಂಭದಲ್ಲಿ ನಾರ್ವೆ ದೇಶದ ಶೆಲ್ಡೆರುಪ್ ಎಬ್ಬೆ ಎಂಬವರು ಕೋಳಿಗಳನ್ನು ಕೂತು ನೋಡಿ ಇದನ್ನು ಬರೆದರು. ಮೇಲಿನದು ಕೆಳಗಿನದಕ್ಕೆ ಕುಕ್ಕುತ್ತದೆ, ಕೆಳಗಿನದು ಸುಮ್ಮನೆ ಸರಿಯುತ್ತದೆ. ನಮ್ಮ ಕಚೇರಿಗಳ ಹಾಗೆಯೇ ಅನ್ನಿ! ಜಗಳಗಂಟ ಹುಂಜ ನಿಮ್ಮನ್ನೂ ಆ ಪಟ್ಟಿಗೆ ಸೇರಿಸಿಕೊಂಡಿದೆ. ನೀವು ಮೇಲೋ ಕೆಳಗೋ ಎಂದು ಪರೀಕ್ಷೆ ಮಾಡುತ್ತಿದೆ.

ಮರಿಯಿರುವಾಗ ಒಂಟಿಯಾಗಿ, ಮುದ್ದು ಮಾಡಿ ಸಾಕಿದ ಹುಂಜವೇ ಆಮೇಲೆ ಹೆಚ್ಚು ಉಪದ್ರ ಕೊಡುವುದುಂಟು. ಮನುಷ್ಯರ ಹೆದರಿಕೆಯೇ ಇಲ್ಲದ್ದರಿಂದ ಅದಕ್ಕೆ ನೀವೂ ಇನ್ನೊಂದು ಹುಂಜ. ತಾಯಿಕೋಳಿಯ ಜತೆ, ಹಿಂಡಿನಲ್ಲಿ ಬೆಳೆದದ್ದಕ್ಕೆ ದೊಡ್ಡ ಕೋಳಿಗಳೇ ಕುಕ್ಕಿ ಮರ್ಯಾದೆ ಕಲಿಸಿರುತ್ತವೆ.

ಹುಂಜ ಹೇಳದೆ ಕೇಳದೆ ಹಾರುವುದು ಕಡಿಮೆ. ಮೊದಲು ಒಂದು ರೆಕ್ಕೆ ಕೆಳಗಿಳಿಸಿ ಅಡ್ಡಡ್ಡ ಹೆಜ್ಜೆ ಹಾಕುತ್ತದೆ. ತಲೆ ತಗ್ಗಿಸಿ ಕುತ್ತಿಗೆಯ ಪುಕ್ಕ ಕೊಡೆಯ ಹಾಗೆ ಬಿಡಿಸುತ್ತದೆ. ನೀವು ಬೆನ್ನು ಹಾಕಿದ ಕೂಡಲೇ ಓಡಿ ಬಂದು ಎರಡು ಕಾಲಿನ ಮುಳ್ಳಿನಿಂದ ಹೊಡೆಯುತ್ತದೆ.

ಆಗ ನಮ್ಮವರು ಮಾಡುವುದು ಎರಡೇ. ಒಂದೋ ಓಟ, ಇಲ್ಲವೇ ಒದೆ. ಓಡಿದರೆ "ಇವ ಸೋತ" ಎಂದು ಅದರ ಲೆಕ್ಕ, ನಾಳೆ ಗೇಟಿನವರೆಗೂ ಅಟ್ಟಿಸಿಕೊಂಡು ಬರುತ್ತದೆ. ಒದ್ದರೆ "ಇವ ಜಗಳಕ್ಕೆ ತಯಾರು" ಎಂದು ಇನ್ನೊಮ್ಮೆ ಹಾರುತ್ತದೆ. ಹಿಡಿಸೂಡಿಯಲ್ಲಿ ಬಡಿದು ಬಡಿದು ಸಾಧು ಹುಂಜವನ್ನೂ ಪೈಲ್ವಾನ ಮಾಡಿದ ಮನೆಗಳಿಗೆ ನಮ್ಮಲ್ಲಿ ಬರವಿಲ್ಲ.

ನಿಂತುಬಿಡಿ. ಬೆನ್ನು ಹಾಕಬೇಡಿ. ಕೈಯಲ್ಲೊಂದು ಅಡಿಕೆ ಹಾಳೆಯೋ ಬಕೆಟ್ಟೋ ಇದ್ದರೆ ಕಾಲಿನ ಮುಂದೆ ಅಡ್ಡ ಹಿಡಿಯಿರಿ, ಹೊಡೆಯಲಿಕ್ಕಲ್ಲ. ಅದು ಹಾರಿ ಹಾರಿ ಸುಸ್ತಾಗಿ ನೆಲ ಕುಕ್ಕಲು ಶುರು ಮಾಡಿತೆಂದರೆ ಬಿಸಿ ಇಳಿಯಿತು ಎಂದರ್ಥ. ಆಮೇಲೆ ನಿಧಾನಕ್ಕೆ ನಿಮ್ಮ ಕೆಲಸಕ್ಕೆ ಹೋಗಿ. ಧೈರ್ಯವಿದ್ದವರು ರೆಕ್ಕೆ ಎರಡೂ ಒತ್ತಿ ಹಿಡಿದು ಕಂಕುಳಲ್ಲಿ ಇಟ್ಟುಕೊಂಡು ಹತ್ತು ನಿಮಿಷ ಅಂಗಳ ಸುತ್ತಬಹುದು. ಹೊಡೆತವಿಲ್ಲ, ಬೈಗುಳವಿಲ್ಲ. ಕೊಸರಾಟ ನಿಂತ ಮೇಲೆಯೇ ಕೆಳಗಿಳಿಸಬೇಕು. ಹೀಗೆ ದಿನಾ ಮಾಡಿದರೆ ಎಷ್ಟೋ ಹುಂಜಗಳು ತಣ್ಣಗಾಗುತ್ತವೆ. ಹಿಡಿಯಲು ಕತ್ತಲಾದ ಮೇಲಿನ ಹೊತ್ತು ಒಳ್ಳೆಯದು, ಕೋಳಿಗೆ ಇರುಳುಗಣ್ಣು. ಮುಳ್ಳಿನ ತುದಿಯನ್ನು ಆಗಲೇ ಅರದಿಂದ ಉಜ್ಜಿ ಮೊಂಡು ಮಾಡಬಹುದು. ಬುಡಕ್ಕೆ ಕೈ ಹಾಕಬೇಡಿ, ಒಳಗೆ ಎಲುಬು, ರಕ್ತ ಎಲ್ಲ ಉಂಟು. ಗೊತ್ತಾಗದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ.

ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಸರಿ. ನಾಲ್ಕು ಹೇಂಟೆಗೆ ಮೂರು ಹುಂಜ ಬಿಟ್ಟು "ಜಗಳ ಯಾಕೆ?" ಎಂದರೆ ಯಾರು ಉತ್ತರ ಕೊಡಬೇಕು?

ಗಾಯವಾದರೆ ಅರಸಿನ ಮೆತ್ತಿ ಕೂರಬೇಡಿ. ಸೋಪು, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರಿಗೆ ತೋರಿಸಿ, ಧನುರ್ವಾಯುವಿನ ಇಂಜೆಕ್ಷನ್ ಬೇಕೇ ಕೇಳಿ. ಕಣ್ಣಿನ ಹತ್ತಿರ ತಾಗಿದ್ದರೆ ಅದೇ ದಿನ ಕಣ್ಣಿನ ಡಾಕ್ಟರು. ಹುಚ್ಚುನಾಯಿ ರೋಗದ ಹೆದರಿಕೆ ಬೇಡ, ಅದು ಕೋಳಿಯಿಂದ ಬರುವುದಲ್ಲ.

ಇಷ್ಟೆಲ್ಲ ಮಾಡಿಯೂ ಸುಧಾರಿಸದ ಹುಂಜಗಳಿವೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ತಿಂಗಳುಗಟ್ಟಲೆ ಪ್ರಯೋಗ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ಕೂಡಲೇ ಬೇರೆ ಗೂಡಿಗೆ ಹಾಕಿ, ಇಲ್ಲವೇ ಸಾಗಹಾಕಿ. ಕೋಳಿ ತಿನ್ನುವ ಮನೆಯವರಿಗೆ ದಾರಿ ನಾನು ಹೇಳಬೇಕಾಗಿಲ್ಲ, ರೊಟ್ಟಿ ತಯಾರಿಟ್ಟರಾಯಿತು.

ಮಾರುವುದಾದರೆ ಮಾತ್ರ ಗಿರಾಕಿಯ ಮುಖ ನೋಡಿ. "ಜೋರುಂಟಾ?" ಎಂದು ಕೇಳಿ ಕಾಲಿನ ಮುಳ್ಳು ತಡವಿ ನೋಡುವವ ಸಾರಿಗೆ ಬಂದವನಲ್ಲ, ಕೋಳಿ ಅಂಕಕ್ಕೆ ಬಂದವ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ. ಅಂಕದಲ್ಲಿ ಕಾಲಿಗೆ ಬಾಳು ಎಂಬ ಸಣ್ಣ ಕತ್ತಿ ಕಟ್ಟುತ್ತಾರೆ. ತೆಲಂಗಾಣದ ಜಗಿತ್ಯಾಲ ಜಿಲ್ಲೆಯಲ್ಲಿ 2021ರ ಫೆಬ್ರವರಿಯಲ್ಲಿ ಹಾಗೆ ಕತ್ತಿ ಕಟ್ಟಿದ್ದ ಹುಂಜ ಕೊಸರಿ ಹಾರಿ, ಅದು ತೊಡೆಸಂದಿಗೆ ತಾಗಿ ಹಿಡಿದವನೇ ಸತ್ತ. ಹುಂಜವನ್ನು ಪೊಲೀಸರು ಠಾಣೆಗೆ ಒಯ್ದು, ಆಮೇಲೆ ಕೋಳಿ ಫಾರಂಗೆ ಕಳಿಸಿದರು. ದುಪ್ಪಟ್ಟು ರೇಟು ಕೊಡುತ್ತೇನೆಂದು ಶನಿವಾರ ಸಂಜೆ ಬರುವ ಗಿರಾಕಿಗೆ "ಕೊಡುವುದಕ್ಕಿಲ್ಲ" ಎನ್ನಿ.