ಈಥೋಸ್ ಯಾರ ಸ್ವತ್ತು?

ಇಂಗ್ಲಿಷ್ ಭಾಷೆಯ ಕೋರ್ಸು ತಗೊಂಡ ನಮ್ಮ ಹುಡುಗ ಹುಡುಗಿಯರು ಪರೀಕ್ಷೆ ಹತ್ತಿರ ಬಂತೆಂದರೆ ಒಂದು ಪಟ್ಟಿ ಉರು ಹೊಡೆಯುತ್ತಾರೆ: ಈಥೋಸ್, ಪೇಥೋಸ್, ಲೋಗೋಸ್, ಕ್ಲೇಮ್, ಕನ್ಸೆಷನ್, ರೆಬಟಲ್. ಅರ್ಥ ಕೇಳಿದರೆ ಹೇಳ್ತಾರೆ. ಒಂದು ಬರಹ ಕೊಟ್ಟು ಇಲ್ಲಿ ವಾದ ಹೇಗೆ ನಡೆದಿದೆ ಅಂದರೆ ತಡವರಿಸುತ್ತಾರೆ. ಈ ಪದಗಳು ದುಡಿಯುವುದನ್ನು ಅವರಿಗೆ ಯಾರೂ ತೋರಿಸಿಲ್ಲ. ತೋರಿಸಲು ಅಂಬೇಡ್ಕರ್ ಅವರ 'ಜಾತಿ ವಿನಾಶ'ಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ.

ಮೊದಲು ಸಂದರ್ಭ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ 1936ರ ತನ್ನ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರಾಗಿ ಕರೆಯಿತು. ಭಾಷಣದ ಪ್ರತಿ ಓದಿ ಬೆಚ್ಚಿತು, ಕೆಲವು ಭಾಗ ತೆಗೆಯಿರಿ ಎಂದಿತು. ಅವರು ಒಪ್ಪಲಿಲ್ಲ, ಸಮ್ಮೇಳನ ನಿಂತಿತು. ಅವರು ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಇದು ಆಡದ ಭಾಷಣ. ಆದರೂ ಎದುರಿಗೆ ಕೂತವರು ಸವರ್ಣ ಸುಧಾರಕರು ಎಂಬುದನ್ನು ಮರೆತರೆ ಅದರ ವರಸೆ ಹಿಡಿಯದು.

ಈಥೋಸ್ ಎಂದರೆ ಮಾತಾಡುವವನ ಮೇಲೆ ಕೇಳುವವರಿಗೆ ಹುಟ್ಟುವ ನಂಬಿಕೆ. ಅದು ಮಾತಿನಿಂದಲೇ ಹುಟ್ಟಬೇಕು, ಮೊದಲೇ ಇರುವ ಅಭಿಪ್ರಾಯದಿಂದಲ್ಲ ಎನ್ನುತ್ತಾನೆ ಅರಿಸ್ಟಾಟಲ್. ಕೇಳೋಕೆ ಚೆಂದ. ಜಾತಿಯಿರುವ ಊರಲ್ಲಿ ಆ ಅಭಿಪ್ರಾಯ ನಾವು ಬಾಯಿ ತೆರೆಯುವ ಮುಂಚೆಯೇ ಬಂದು ಕೂತಿರುತ್ತದಲ್ಲ! ಅಂಬೇಡ್ಕರ್ ಅದನ್ನು ಕಾಣದವರಂತೆ ನಟಿಸುವುದಿಲ್ಲ. ಶಾಸ್ತ್ರದ ಪ್ರಕಾರ ಗುರುವಾಗಬೇಕಾದವನು ಬ್ರಾಹ್ಮಣ, ನನ್ನನ್ನೇಕೆ ಆರಿಸಿದಿರಿ ಎಂಬ ಪ್ರಶ್ನೆಯನ್ನು ಅವರೇ ಎತ್ತುತ್ತಾರೆ. ಸಭಿಕರ ಮುಜುಗರ ಸಭೆಯ ನಡುವೆ ಬಂದು ನಿಲ್ಲುತ್ತದೆ. ಇನ್ನು ಉತ್ತರ ಹೇಳಬೇಕಾದವರು ಸಭಿಕರು.

ಆಮೇಲೆ ಪ್ರಸಂಗಗಳು ಬರುತ್ತವೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯನ ಸೊಂಟಕ್ಕೆ ಪೊರಕೆ, ಕೊರಳಿಗೆ ಮಡಕೆ. ಜೈಪುರ ಸಂಸ್ಥಾನದ ಚಕ್ವಾರಾದಲ್ಲಿ ಊಟಕ್ಕೆ ತುಪ್ಪ ಬಡಿಸಿದ್ದಕ್ಕೆ ಲಾಠಿ ಏಟು. ಇಲ್ಲಿ ಪೇಥೋಸ್ ಇದೆ ಎಂದು ಗೆರೆ ಎಳೆದು ಮುಂದೆ ಹೋಗುವವರು ಅರ್ಧ ಮಾತ್ರ ಓದಿದ್ದಾರೆ. ಸಮಾಜ ಸುಧಾರಣೆ ಕಾಯಲಿ, ಮೊದಲು ರಾಜಕೀಯ ಅಧಿಕಾರ ಬರಲಿ ಎನ್ನುವವರ ವಿರುದ್ಧ ಇವು ಸಾಕ್ಷ್ಯ. ಇದು ಅಪ್ಪಟ ಲೋಗೋಸ್. ನಮ್ಮ ವಿಮರ್ಶೆಯ ಹಳೇ ಚಾಳಿಯೂ ಹೀಗೇ: ದಲಿತ ಬರಹ ಕಂಡೊಡನೆ ಆಕ್ರೋಶ, ರೊಚ್ಚು ಅಂತ ಹಣೆಪಟ್ಟಿ ಹಚ್ಚೋದು. ಪೇಥೋಸ್ ನಿಮಗೆ, ಲೋಗೋಸ್ ನಮಗೆ ಎಂಬ ಈ ಪಾಲು ಪಟ್ಟಿ ಮಾಡಿದವರು ಯಾರು?

ಕನ್ಸೆಷನ್ ಎಂದರೆ ಸೋಲೊಪ್ಪುವುದಲ್ಲ, ಎದುರಾಳಿಯ ಮಾತಿನಲ್ಲಿ ಸರಿಯಿದ್ದಷ್ಟನ್ನು ಒಪ್ಪುವುದು. ಜಾತಿ ಎಂದರೆ ಶ್ರಮವಿಭಜನೆ, ಅದಿಲ್ಲದ ನಾಗರಿಕ ಸಮಾಜ ಎಲ್ಲಿದೆ ಎಂದು ಜಾತಿಯ ವಕೀಲರು ಕೇಳುತ್ತಾರೆ. ಶ್ರಮವಿಭಜನೆ ಬೇಕು, ಸರಿ ಎನ್ನುತ್ತಾರೆ ಅಂಬೇಡ್ಕರ್. ಆದರೆ ಇಲ್ಲಿ ಹಂಚಿರುವುದು ಕೆಲಸವನ್ನಷ್ಟೇ ಅಲ್ಲ, ದುಡಿಯುವ ಜನರನ್ನೇ. ಅದೂ ಮೇಲು ಕೀಳಿನ ಏಣಿಯಲ್ಲಿ, ಹುಟ್ಟಿನ ಲೆಕ್ಕದಲ್ಲಿ. ಇದು ರೆಬಟಲ್. ಎದುರಾಳಿಯ ಪದವನ್ನೇ ತಗೊಂಡು ಬಿಚ್ಚಿ ತೋರಿಸಿದ್ದಾರೆ.

ಗಾಂಧಿ 1936ರ ಜುಲೈನಲ್ಲಿ 'ಹರಿಜನ್'ನಲ್ಲಿ ಉತ್ತರ ಕೊಟ್ಟರು: ಧರ್ಮವನ್ನು ಅಳೆಯಬೇಕಾದ್ದು ಅದರ ಉತ್ತಮರಿಂದ, ಕೆಟ್ಟವರಿಂದಲ್ಲ. 1937ರ ಎರಡನೇ ಮುದ್ರಣದಲ್ಲಿ ಅಂಬೇಡ್ಕರ್ ಆ ಟೀಕೆಯನ್ನು ತಮ್ಮ ಪುಸ್ತಕದೊಳಗೇ ಅಚ್ಚು ಹಾಕಿದರು. ಅಳತೆಗೋಲನ್ನೂ ಒಪ್ಪಿದರು. ಒಪ್ಪಿ, ಹಾಗಾದರೆ ಉತ್ತಮರು ಇಷ್ಟು ಕಡಿಮೆ, ಕೆಟ್ಟವರು ಇಷ್ಟು ಹೆಚ್ಚು ಯಾಕೆ ಎಂದು ಕೇಳಿದರು.

ಪರೀಕ್ಷೆಗೆ ಕೂರುವವರಿಗೆ ಒಂದು ಮಾತು. 'ಲೇಖಕರು ಪೇಥೋಸ್ ಬಳಸಿದ್ದಾರೆ' ಎಂದು ಬರೆದು ನಿಲ್ಲಿಸಬೇಡಿ. ಯಾರ ಎದುರು, ಏನು ಸಾಧಿಸಲು ಅಂತ ಬರೆಯಿರಿ. 'ಪೊರಕೆಯ ಪ್ರಸಂಗ ತಂದು, ರಾಜಕೀಯ ಅಧಿಕಾರ ಕೇಳುವವರನ್ನು ಅವರ ಸಮಾಜದ ನಡತೆಯ ಮುಂದೆಯೇ ನಿಲ್ಲಿಸುತ್ತಾರೆ' ಎಂದರೆ ಆ ಗ್ರೀಕ್ ಪದ ಬಿಟ್ಟುಹೋದರೂ ನಡೆಯುತ್ತದೆ.