ಇಳಿಯೋದು ಮೊದಲು, ಹಾರೋದು ಆಮೇಲೆ

ಗೆಂಡೆಹಳ್ಳಿ ಸುತ್ತಮುತ್ತ ಕಾಫಿ ತೋಟಗಳಿವೆ. ನಮ್ಮಲ್ಲಿ ಬಹಳ ಮಂದಿ ಆ ತೋಟಗಳಲ್ಲಿ ಕೂಲಿ ಮಾಡ್ತೀವಿ. ಹಣ್ಣು ಕುಯ್ತೀವಿ. ಕಳೆ ತೆಗೀತೀವಿ. ಗೊಬ್ಬರ ಹೊರ್ತೀವಿ. ಮಳೆ ನೀರು ಇಂಗಲಿ ಅಂತ ತೋಟದೊಳಗೆ ತೊಟ್ಟಿಲು ಗುಂಡಿ ತೋಡಿರ್ತಾರೆ. ಅದನ್ನು ದಾಟಬೇಕು. ಬೇಲಿ ಪಕ್ಕ ಚರಂಡಿ ಇರುತ್ತೆ. ಅದನ್ನೂ ದಾಟಬೇಕು. ಮಳೆಗಾಲದಲ್ಲಿ ಕಾಲಿಟ್ಟ ಕಡೆಯೆಲ್ಲ ಜಾರುತ್ತೆ.

ಹೋದ ಮಳೆಗಾಲದಲ್ಲಿ ನಮ್ಮ ಜೊತೆಯ ಒಬ್ಬ ಅಕ್ಕ ಹೀಗೇ ಜಾರಿದರು. ಅದು ಮೊಣಕಾಲುದ್ದದ ಚರಂಡಿ, ಅಷ್ಟೇ. ಬೀಳುವಾಗ ಅಂಗೈ ಊರಿದರು. ಮಣಿಕಟ್ಟು ಮುರಿಯಿತು. ಎರಡು ತಿಂಗಳು ಕೂಲಿ ಹೋಯಿತು. "ನಾನೇನು ಬಲ ಇಲ್ದೋಳಾ? ಚೀಲ ಹೊರ್ತೀನಿ, ಸೌದೆ ಹೊರ್ತೀನಿ. ಆದ್ರೂ ಬಿದ್ನಲ್ಲವ್ವಾ" ಅಂತ ಅತ್ತರು.

ಆ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಬಲ ಇದ್ದವರು ಯಾಕೆ ಬಿದ್ದರು? ಬಿದ್ದರೂ ಕೈ ಯಾಕೆ ಮುರಿಯಿತು?

ಅದೇ ದಿನಗಳಲ್ಲಿ ಅವರ ಮಗಳು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಪೇಟೆಯ ಹುಡುಗರು, ಹುಡುಗಿಯರು ಗೋಡೆ ಹಾರ್ತಾ ಇದ್ದರು. ಕಂಬಿ ಹಿಡಿದು ಆಚೆ ನೆಗೀತಾ ಇದ್ದರು. "ಇದಕ್ಕೆ ಪಾರ್ಕೂರ್ ಅಂತಾರೆ. ನಾನೂ ಕಲೀತೀನಿ" ಅಂದಳು. "ಒಬ್ಬಳು ಕೈ ಮುರ್ಕೊಂಡು ಕೂತಿರೋದು ಸಾಲದಾ? ನೀನೂ ಕಾಲು ಮುರ್ಕೊಂಡ್ರೆ ಅನ್ನ ಬೇಯ್ಸೋರು ಯಾರೇ?" ಅಂತ ಅಮ್ಮ ರೇಗಿದರು. ಇಬ್ಬರದೂ ತಪ್ಪಲ್ಲ ಅಂತ ನಮಗೆ ಅನ್ನಿಸಿತು. ಈ ಪಾರ್ಕೂರ್ ಅಂದರೆ ಏನು ಅಂತ ಕೇಳಿ, ಓದಿ ತಿಳಿದುಕೊಂಡೆವು. ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಹೆಸರು ಫ್ರಾನ್ಸ್ ದೇಶದ್ದು. ಅಲ್ಲಿ ಸೈನಿಕರಿಗೆ ಗೋಡೆ, ಹಳ್ಳ, ಹಗ್ಗ ಇರುವ ದಾರಿಯಲ್ಲಿ ತಾಲೀಮು ಕೊಡುತ್ತಿದ್ದರು. ಆ ದಾರಿಯ ಹೆಸರಿನಿಂದ ಪಾರ್ಕೂರ್ ಅನ್ನೋ ಮಾತು ಬಂತು. ಎದುರಿಗೆ ಏನೇ ಅಡ್ಡ ಬಂದರೂ ಓಡಿ, ಹತ್ತಿ, ಹಾರಿ, ಇಳಿದು, ಪೆಟ್ಟಾಗದಂತೆ ಆಚೆ ಸೇರೋದು. ಇಷ್ಟೇ ಪಾರ್ಕೂರ್.

ಇದರ ಹಿಂದೆ ಒಂದು ಕಥೆ ಇದೆ. 1902ರಲ್ಲಿ ಮಾರ್ಟಿನೀಕ್ ಎಂಬ ದ್ವೀಪದಲ್ಲಿ ಪೆಲೆ ಎಂಬ ಬೆಟ್ಟ ಬೆಂಕಿ ಉಗುಳಿತು. ಒಂದು ಊರಿಗೆ ಊರೇ ಸುಟ್ಟು ಹೋಯಿತು. ಸುಮಾರು 28 ಸಾವಿರ ಜನ ಸತ್ತರು. ಆಗ ಜಾರ್ಜ್ ಎಬೆರ್ ಎಂಬ ನೌಕಾಪಡೆಯ ಅಧಿಕಾರಿ ಜನರನ್ನು ಪಾರು ಮಾಡುವ ಕೆಲಸದಲ್ಲಿದ್ದರು. ಮೈ ಗಟ್ಟಿಯಾಗಿರೋದು ತೋರಿಸಿಕೊಳ್ಳೋಕೆ ಅಲ್ಲ, ಕಷ್ಟ ಬಂದಾಗ ತನಗೂ ಇನ್ನೊಬ್ಬರಿಗೂ ಉಪಯೋಗ ಆಗೋಕೆ ಅನ್ನೋದು ಅವರ ವಿಚಾರ. ಅವರು 1919ರಲ್ಲಿ ಹೆಂಗಸರ ವ್ಯಾಯಾಮದ ಬಗ್ಗೆಯೇ ಒಂದು ಪುಸ್ತಕ ಬರೆದರು. ನೂರು ವರ್ಷದ ಹಿಂದೆ!

ಅವರ ತಾಲೀಮಿನ ದಾರಿಯಲ್ಲಿ ಪಳಗಿದವರು ರೇಮಂಡ್ ಬೆಲ್. ಇವರು ಪ್ಯಾರಿಸ್ ನಗರದ ಅಗ್ನಿಶಾಮಕ ದಳದಲ್ಲಿದ್ದರು. ಅವರ ಮಗ ಡೇವಿಡ್ ಬೆಲ್ ಹುಟ್ಟಿದ್ದು 1973ರಲ್ಲಿ. ಡೇವಿಡ್ ಮತ್ತು ಅವರ ಗೆಳೆಯರು ಅಪ್ಪನಿಂದ ಬಂದ ವಿದ್ಯೆಯನ್ನು ಊರಿನ ಗೋಡೆ, ಮೆಟ್ಟಿಲುಗಳ ಮೇಲೆ ಅಭ್ಯಾಸ ಮಾಡಿದರು. ಅದೇ ಪಾರ್ಕೂರ್ ಆಗಿ ಲೋಕಕ್ಕೆಲ್ಲ ಹರಡಿತು.

ಇದನ್ನು ಓದಿ ಹೇಳಿದಾಗ ಒಬ್ಬ ಅಜ್ಜಿ ನಕ್ಕರು. "ಇದ್ಯಾವ ಹೊಸಾದು? ನಾವು ಆಡ್ತಿದ್ದ ಮರಕೋತಿ ಆಟ ಅಲ್ವಾ ಇದು?" ಅಂದರು.

ನಿಜವೇ. ಮರಕೋತಿ ನಮಗೆಲ್ಲ ಗೊತ್ತು. ಮರದ ಕೆಳಗೆ ಒಂದು ವೃತ್ತ. ಒಬ್ಬರು ಕಾಲಿನ ಸಂದಿಯಿಂದ ಕೋಲನ್ನು ದೂರ ಎಸೀತಾರೆ. ಕಳ್ಳ ಆದವರು ಆ ಕೋಲು ತರೋದರೊಳಗೆ ಉಳಿದವರೆಲ್ಲ ಮರ ಹತ್ತಬೇಕು. ಕಳ್ಳರ ಕೈಗೆ ಸಿಗದೆ ಕೊಂಬೆಯಿಂದ ಕೊಂಬೆಗೆ ಹೋಗಿ, ಕೆಳಗೆ ಧುಮುಕಿ, ಕೋಲು ಮುಟ್ಟಬೇಕು. ಓಟ, ಹತ್ತೋದು, ಜೋತು ಬೀಳೋದು, ಧುಮುಕೋದು ಎಲ್ಲ ಅದರಲ್ಲಿದೆ. ಕುಂಟೆಬಿಲ್ಲೆ ಆಡುವಾಗ ಒಂಟಿ ಕಾಲಲ್ಲಿ ನಿಲ್ಲೋದು ಕಲಿತಿದ್ದೆವು. ಗದ್ದೆ ಬದುವಿನ ಮೇಲೆ ತಲೆ ಹೊರೆ ಹೊತ್ತು ನಡೆಯೋದು ಇವತ್ತಿಗೂ ಮಾಡ್ತೀವಿ.

ಆದರೆ ಮೈನೆರೆದ ಮೇಲೆ ಮರ ಹತ್ತಬೇಡ ಅಂದರು. ಓಡಬೇಡ, ನೆಗೀಬೇಡ ಅಂದರು. ಹೊರೋದು ಬಿಡಿಸಲಿಲ್ಲ, ಹಾರೋದು ಮಾತ್ರ ಬಿಡಿಸಿದರು. ಇಪ್ಪತ್ತು, ಮೂವತ್ತು ವರ್ಷ ಹಾರದೆ ಇದ್ದ ಕಾಲು ಒಮ್ಮೆಲೇ ಹಾರು ಅಂದರೆ ತಡವರಿಸುತ್ತೆ. ಆ ಅಕ್ಕನಿಗೆ ಬಲ ಇತ್ತು. ಬೀಳುವ ಅಭ್ಯಾಸ ಇರಲಿಲ್ಲ.

ಕೈ ಯಾಕೆ ಮುರಿಯಿತು ಅಂತ ಈಗ ನೋಡೋಣ. ಗಾರೆ ಕೆಲಸಕ್ಕೆ ಹೋದವರಿಗೆ ಇದು ಬೇಗ ತಿಳಿಯುತ್ತೆ. ಮೇಲಿಂದ ಇಟ್ಟಿಗೆ ಎಸೆದಾಗ ಕೈಯನ್ನು ಗಟ್ಟಿಯಾಗಿ ಚಾಚಿ ಹಿಡಿದರೆ ಅಂಗೈ ಉರಿಯುತ್ತೆ. ಇಟ್ಟಿಗೆ ಬಂದ ಹಾಗೆ ಕೈಯನ್ನು ಅದರ ಜೊತೆಗೇ ಹಿಂದಕ್ಕೆ ತಂದರೆ ನೋವೇ ಆಗಲ್ಲ. ಪೆಟ್ಟು ನಿಧಾನ ಆಗುತ್ತೆ, ಹಂಚಿ ಹೋಗುತ್ತೆ. ಮೈ ಬೀಳುವಾಗಲೂ ಹೀಗೇ. ಕೈ ನೆಟ್ಟಗೆ ಊರಿದರೆ ಇಡೀ ಮೈ ಭಾರ ಮಣಿಕಟ್ಟಿನ ಮೇಲೆ. ಮೊಣಕಾಲು ನೆಟ್ಟಗಿಟ್ಟು ಧುಮುಕಿದರೆ ಪೆಟ್ಟು ಮೊಣಕಾಲಿಗೆ, ಸೊಂಟಕ್ಕೆ. ಅದಕ್ಕೇ ಪಾರ್ಕೂರ್ ಕಲಿಯೋರು ಮೊದಲು ಇಳಿಯೋದು ಕಲೀತಾರೆ. ವಿಡಿಯೋದಲ್ಲಿ ಇದನ್ನು ತೋರಿಸಲ್ಲ.

ಅದಕ್ಕೂ ಮುಂಚೆ ಕಾಲು ಗಟ್ಟಿ ಆಗಬೇಕು. ವಾರಕ್ಕೆ ಮೂರು ದಿನ, ಕಾಲು ಗಂಟೆ ಸಾಕು. ದಿನವೂ ಬೇಡ. ತೋಟದಲ್ಲಿ ದುಡಿದ ಮೈಗೆ ಬಿಡುವೂ ಬೇಕು. ಮೊದಲು ನಾಲ್ಕು ನಿಮಿಷ ಚುರುಕಾಗಿ ನಡೆದು, ಪಾದದ ಕೀಲು, ಸೊಂಟ, ಭುಜ ತಿರುಗಿಸಿ. ಮೈ ಬೆಚ್ಚಗಾಗಲಿ. ಆಮೇಲೆ ಬಸ್ಕಿ. ಶಾಲೆಯಲ್ಲಿ ಮೇಷ್ಟ್ರು ಕಿವಿ ಹಿಡಿಸಿ ಹೊಡೆಸುತ್ತಿದ್ದರಲ್ಲ, ಅದೇ. ಗರಡಿ ಮನೆಯ ಪೈಲ್ವಾನರೂ ಅದನ್ನೇ ಹೊಡೀತಾರೆ. ಮೊದಲ ವಾರ ಜಗುಲಿಯ ಮೇಲೆ ಕೂತು ಏಳೋದು ಸಾಕು. ಐದು ಸಲ. ಸ್ವಲ್ಪ ನಿಂತು ಮತ್ತೆ ಐದು ಸಲ. ಕೈ ಊರದೆ ಏಳಬೇಕು. ಹಗುರ ಅನ್ನಿಸಿದ ಮೇಲೆ ಜಗುಲಿ ಬಿಟ್ಟು ಕೆಳಗೆ ಕೂತು ಏಳಿ.

ಕೈಗೆ, ಭುಜಕ್ಕೆ ಗೋಡೆ ಇದೆ. ಗೋಡೆಯಿಂದ ಒಂದು ಮಾರು ದೂರಕ್ಕಿಂತ ಕಡಿಮೆ ನಿಂತು, ಎರಡು ಅಂಗೈ ಊರಿ, ಮೊಣಕೈ ಬಗ್ಗಿಸಿ ಮುಂದೆ ಹೋಗಿ, ತಳ್ಳಿ ಹಿಂದೆ ಬನ್ನಿ. ಗಟ್ಟಿ ಕೊಂಬೆ ಸಿಕ್ಕರೆ ಹಿಡಿದು ಜೋತು ಬೀಳಿ. ಕಾಲಿನ ತುದಿ ನೆಲಕ್ಕೆ ತಾಗಿರಲಿ. ಹತ್ತು ಎಣಿಸಿ. ನೆಲದ ಮೇಲೆ ಬೂದಿಯಿಂದ ಗೆರೆ ಎಳೆದು ಅದರ ಮೇಲೇ ಮುಂದಕ್ಕೂ ಹಿಂದಕ್ಕೂ ನಡೀರಿ. ಹಿಂದಕ್ಕೆ ನಡೆಯೋದು ನೋಡೋಕೆ ಸುಲಭ, ಮಾಡಿದಾಗ ಗೊತ್ತಾಗುತ್ತೆ!

ನಾವು ಈಗ ಬರೆಯೋಕೆ ಕಲಿತಿದ್ದೀವಿ. ಎಷ್ಟು ಬಸ್ಕಿ, ಎಷ್ಟು ಎಣಿಕೆ ಅಂತ ದಿನದ ಮುಂದೆ ಬರೆದಿಡಿ. ಆರು ವಾರ ಆದ ಮೇಲೆ ಹಿಂದಿನ ಪುಟ ತೆಗೆದು ನೋಡಿ.

ಎರಡು ವಾರ ಕಳೆದ ಮೇಲೆ ಇಳಿಯೋದು. ಒಂದೇ ಮೆಟ್ಟಿಲಿನಿಂದ, ಅಷ್ಟೇ. ಎರಡೂ ಕಾಲು ಒಟ್ಟಿಗೆ ನೆಲಕ್ಕೆ ಬರಲಿ. ಕಾಲುಗಳ ನಡುವೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಜಾಗ ಇರಲಿ. ಮೊದಲು ಪಾದದ ಮುಂಭಾಗ ತಾಗಬೇಕು, ಆಮೇಲೆ ಹಿಮ್ಮಡಿ. ತಾಗಿದ ಕೂಡಲೇ ಮೊಣಕಾಲು ಬಗ್ಗಬೇಕು. ಎರಡು ಮೊಣಕಾಲೂ ಒಳಕ್ಕೆ ಬಾಗಿ ಒಂದಕ್ಕೊಂದು ತಾಗಬಾರದು. ಸರಿ ಆಯ್ತೋ ಇಲ್ಲವೋ ಅಂತ ಕಿವಿಯಲ್ಲೇ ತಿಳೀಬಹುದು. ಧಡ್ ಅಂದರೆ ತಪ್ಪು. ಬೆಕ್ಕು ಅಟ್ಟದಿಂದ ಇಳಿದ ಹಾಗೆ ಸದ್ದೇ ಇಲ್ಲದಿದ್ದರೆ ಸರಿ. ಒಂದು ಮೆಟ್ಟಿಲು ಹತ್ತು ಸಲ ಸದ್ದಿಲ್ಲದೆ ಇಳಿದ ಮೇಲೇ ಎರಡನೆಯದು. ಮೊದಲ ಮೂರು ತಿಂಗಳು ಮೊಣಕಾಲಿಗಿಂತ ಎತ್ತರದಿಂದ ಧುಮುಕಬೇಡಿ. ಮಾಂಸಖಂಡ ಬೇಗ ಗಟ್ಟಿ ಆಗುತ್ತೆ. ಕೀಲಿನ ಹತ್ತಿರದ ನರದಂಥ ಕಟ್ಟುಗಳು ನಿಧಾನ.

ಗೋಡೆಯಿಂದ ಇಳಿಯಬೇಕಾದರೆ ನೇರ ಹಾರಬೇಡಿ. ಕೂತು, ಗೋಡೆ ಕಡೆ ತಿರುಗಿ, ಅಂಚು ಹಿಡಿದು, ಮೈ ಪೂರ್ತಿ ಕೆಳಗೆ ಬಿಟ್ಟು, ಆಮೇಲೆ ಕೈ ಬಿಡಿ. ಧುಮುಕಬೇಕಾದ ಎತ್ತರ ಬಹಳ ಕಡಿಮೆ ಆಗಿಬಿಡುತ್ತೆ. ಹತ್ತುವಾಗ ಎರಡು ಕೈ, ಎರಡು ಕಾಲಿನಲ್ಲಿ ಮೂರು ಯಾವಾಗಲೂ ಹಿಡಿದಿರಲಿ, ಒಂದು ಮಾತ್ರ ಮೇಲಕ್ಕೆ ಹೋಗಲಿ.

ಇನ್ನು ಬೀಳೋದು. ಪಾರ್ಕೂರಿನವರು ಮುಂದಕ್ಕೆ ಬಿದ್ದರೆ ಉರುಳುತ್ತಾರೆ. ತಲೆ ಮೇಲಿಂದ ಲಾಗ ಹಾಕೋದಲ್ಲ ಅದು. ಗದ್ದ ಎದೆಗೆ ಒತ್ತಿ, ಬಲ ಭುಜದಿಂದ ಎಡ ಸೊಂಟಕ್ಕೆ ಬೆನ್ನಿನ ಮೇಲೆ ಓರೆಯಾಗಿ ಉರುಳೋದು. ಪೆಟ್ಟು ಬೆನ್ನಿನ ಉದ್ದಕ್ಕೂ ಹಂಚಿ ಹೋಗುತ್ತೆ. ಹುಲ್ಲು ದಪ್ಪಗೆ ಹರಡಿ, ಮಂಡಿಯೂರಿ ಕೂತೇ ಇದನ್ನು ಶುರು ಮಾಡಬೇಕು. ಇದನ್ನು ಮಾತ್ರ ಪುಸ್ತಕ ನೋಡಿ ಕಲಿಯಬೇಡಿ. ಶಾಲೆಯ ದೈಹಿಕ ಶಿಕ್ಷಕರನ್ನು ಕೇಳಿ, ಅವರು ತೋರಿಸಿದ ಮೇಲೆ ಮಾಡಿ. ಜಾರಿದಾಗ ಒಂದು ನೆನಪಿದ್ದರೂ ಸಾಕು. ಕೈ ನೆಟ್ಟಗೆ ಚಾಚಬಾರದು, ಮೊಣಕೈ ಬಗ್ಗಿಸಿ, ಮೈ ಪಕ್ಕಕ್ಕೆ ವಾಲಿಸಿ, ಮಾಂಸ ಇರುವ ಕಡೆ ಬೀಳಬೇಕು.

ಈಗ ನಾವು ನಾವೇ ಮಾತಾಡಬೇಕಾದ ವಿಷಯ. ಹೆರಿಗೆ ಆದವರಲ್ಲಿ ಕೆಲವರಿಗೆ ಹಾರಿದಾಗ, ಕೆಮ್ಮಿದಾಗ ಮೂತ್ರ ಜಿನುಗುತ್ತೆ. ನಾಚಿಕೆಯಿಂದ ಯಾರೂ ಹೇಳಲ್ಲ. ಇದು ಬಹಳ ಜನಕ್ಕೆ ಇದೆ, ಇದಕ್ಕೆ ದಾರಿಯೂ ಇದೆ. ಮೂತ್ರ ತಡೆಯುವಾಗ ಒಳಗೆ ಬಿಗಿ ಹಿಡೀತೀವಲ್ಲ, ಹಾಗೆ ಬಿಗಿ ಹಿಡಿದು ಐದು ಎಣಿಸಿ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕಾಫಿ ಹಣ್ಣು ಕುಯ್ಯುತ್ತಲೇ ಮಾಡಬಹುದು, ಯಾರಿಗೂ ಗೊತ್ತಾಗಲ್ಲ! ಆ ಭಾಗ ಗಟ್ಟಿ ಆಗೋವರೆಗೆ ಹಾರೋದು ಬೇಡ, ಬಸ್ಕಿ, ನಡಿಗೆ ಸಾಕು. ಗರ್ಭಕೋಶ ಜಾರಿದ ಹಾಗೆ ಅನ್ನಿಸುವವರು, ಬಸುರಿಯರು, ಈಚೆಗೆ ಹೆತ್ತವರು, ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು.

ರಕ್ತ ಕಡಿಮೆ ಇದ್ದರೆ ಎರಡು ಬಸ್ಕಿಗೇ ಏದುಸಿರು, ತಲೆ ಸುತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇತ್ತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಸೊಪ್ಪು, ಹುರುಳಿ, ರಾಗಿ ತಿನ್ನಿ. ಊಟ ಆದ ಕೂಡಲೇ ಕಾಫಿ, ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತೋದು ಕಡಿಮೆ ಆಗುತ್ತೆ. ಕಾಫಿ ಸೀಮೆಯವರಿಗೆ ಇದು ಕಷ್ಟದ ಮಾತೇ. ಒಂದು ಗಂಟೆ ತಡೆದು ಕುಡೀರಿ.

ಮೈ ಕೈ ನೋವು ಎರಡು ದಿನ ಇರುತ್ತೆ, ಹೆದರಬೇಡಿ. ಕೀಲಿನಲ್ಲಿ ಚುಚ್ಚಿದಂತೆ ನೋವು, ಊತ ಬಂದರೆ ನಿಲ್ಲಿಸಿ. ಹವಾಯಿ ಚಪ್ಪಲಿ ಹಾಕಿಕೊಂಡು ಹಾರಬೇಡಿ. ಚೂಡಿದಾರ ಒಳ್ಳೇದು. ಸೀರೆ ಆದರೆ ಎತ್ತಿ ಕಟ್ಟಿ.

ನಮ್ಮ ಬೇಲೂರು, ಸಕಲೇಶಪುರ, ಆಲೂರು ಕಡೆ ತೋಟಗಳಿಗೆ ಕಾಡಾನೆ ಬರುತ್ತವೆ. ಕೂಲಿಗೆ ಹೋದವರು ಆನೆಗೆ ಸಿಕ್ಕಿ ಸತ್ತಿದ್ದಾರೆ. ಹಾರೋದು ಕಲಿತರೆ ಆನೆಯಿಂದ ತಪ್ಪಿಸಿಕೊಳ್ಳಬಹುದಾ ಅಂತ ಒಬ್ಬರು ಕೇಳಿದರು. ಆನೆಗಿಂತ ಜೋರಾಗಿ ಓಡೋಕೆ ನಮ್ಮಿಂದ ಆಗಲ್ಲ. ಆನೆ ಇದೆ ಅಂತ ಅರಣ್ಯ ಇಲಾಖೆಯವರು ಹೇಳಿದ ದಿನ ತೋಟಕ್ಕೆ ಇಳಿಯಲೇಬಾರದು. ಗೆಯ್ಮೆ ಹೋದರೂ ಸರಿ.

ಚಿತ್ರದುರ್ಗದ ಕೋಟೆ ಗೋಡೆಯನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ಅವರನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಜನ ಅವರನ್ನು ಕೋತಿರಾಜ ಅಂತಾರೆ. ಮಕ್ಕಳು ಅವರನ್ನು ನೋಡಿ ಹಾಗೇ ಮಾಡೋಕೆ ಹೊರಡ್ತಾರೆ. ಅವರದು ವರ್ಷಗಟ್ಟಲೆಯ ಅಭ್ಯಾಸ. ನಮ್ಮ ಮಕ್ಕಳಿಗೆ ಜಗುಲಿಯ ಮೆಟ್ಟಿಲು ಸಾಕು.

ಆ ಅಕ್ಕನ ಮಗಳು ಈಗ ಸಂಜೆ ಹೊತ್ತು ಅಂಗಳದಲ್ಲಿ ಮೆಟ್ಟಿಲು ಇಳೀತಾಳೆ. ಸದ್ದು ಬಂದರೆ ಒಳಗಿಂದ ಅಮ್ಮ "ಧಡ್ ಅಂತು ಕಣೇ, ಮತ್ತೆ ಮಾಡು" ಅಂತಾರೆ. ಅವರೂ ಮಣಿಕಟ್ಟು ವಾಸಿಯಾದ ಮೇಲೆ ಗೋಡೆ ತಳ್ಳೋಕೆ ಶುರು ಮಾಡಿದ್ದಾರೆ. ಮೊದಲ ದಿನ ಮೂರು. ಹೋದ ವಾರ ಹನ್ನೆರಡು.